ಡಿಸೆಂಬರ್ ರಜೆಯಲ್ಲಿ ಹಿಮವೂ ಬೇಕು, ಬಿಸಿಲೂ ಬೇಕು: ಮನಾಲಿ–ಜೈಸಲ್ಮೇರ್ ಪ್ರವಾಸಕ್ಕೆ ತಯಾರಿ ಹೇಗೆ?

ದಸರಾ ಮುಗಿಯುತ್ತಿದ್ದಂತೆ ಓದುಗರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮಕ್ಕಳಿಗೆ ಕ್ರಿಸ್‌ಮಸ್ ರಜೆ ಇದೆ, ಹಿಮ ನೋಡಬೇಕು ಅಂತಾರೆ. ಅತ್ತೆ-ಮಾವನಿಗೆ ಚಳಿ ಆಗಲ್ಲ, ಬಿಸಿಲಿರುವ ಕಡೆ ಹೋಗೋಣ ಅಂತಾರೆ. ಎರಡನ್ನೂ ಒಂದೇ ಪ್ರವಾಸದಲ್ಲಿ ಸೇರಿಸಬಹುದಾ?"

ಸೇರಿಸಬಹುದು. ಹಿಮಕ್ಕೆ ಮನಾಲಿ, ಬಿಸಿಲಿಗೆ ರಾಜಸ್ಥಾನದ ಜೈಸಲ್ಮೇರ್ ಇಟ್ಟುಕೊಂಡು ಬೆಂಗಳೂರಿನಿಂದ ಹೊರಡುವ ದಾರಿಯನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಇದಕ್ಕೆ 10ರಿಂದ 11 ದಿನ ಬೇಕು. ನಿಮ್ಮ ರಜೆ ಅದಕ್ಕಿಂತ ಕಡಿಮೆ ಇದ್ದರೆ ದಯವಿಟ್ಟು ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಿ. ವಾರದೊಳಗೆ ಎರಡನ್ನೂ ತುರುಕಿದರೆ ಮಕ್ಕಳು ನೋಡುವುದು ಬಸ್ಸಿನ ಕಿಟಕಿಯನ್ನು ಮಾತ್ರ.

1. ಮೊದಲು ಚಳಿ, ಆಮೇಲೆ ಬಿಸಿಲು

ಇಡೀ ಯೋಜನೆ ನಿಂತಿರುವುದು ಇದರ ಮೇಲೆ. ಅನೇಕರು "ಬಿಸಿಲಿನಲ್ಲಿ ಸುಧಾರಿಸಿಕೊಂಡು ಆಮೇಲೆ ಚಳಿಗೆ ಹೋಗೋಣ" ಎಂದು ಉಲ್ಟಾ ಮಾಡುತ್ತಾರೆ. ಅದು ಬೇಡ.

ಈ ಪ್ರವಾಸದಲ್ಲಿ ನಮ್ಮ ಕೈ ಮೀರಿದ ಭಾಗ ಎಂದರೆ ಬೆಟ್ಟದ ರಸ್ತೆ. ಹಿಮ ಬಿದ್ದರೆ ಒಂದು ದಿನ, ಕೆಲವೊಮ್ಮೆ ಎರಡು ದಿನ ವಾಹನ ಬಿಡುವುದಿಲ್ಲ. ಬೆಟ್ಟ ಪ್ರವಾಸದ ಕೊನೆಯಲ್ಲಿದ್ದರೆ ಮನೆಗೆ ಮರಳುವ ವಿಮಾನ ತಪ್ಪುತ್ತದೆ. ರಜೆಯ ತುದಿಯಲ್ಲಿ ಹೊಸ ಟಿಕೆಟ್ ದರ ಕೇಳಿದರೆ ಎದೆ ಒಡೆಯುತ್ತದೆ. ಬೆಟ್ಟ ಮೊದಲಿದ್ದರೆ ಹಾಗಲ್ಲ. ಜೈಸಲ್ಮೇರ್‌ನ ಒಂದು ದಿನ ಕಡಿಮೆಯಾಗಬಹುದು, ಅಷ್ಟೇ.

ಹಾಗೇ ಎರಡರ ನಡುವೆ ಒಂದು ಖಾಲಿ ದಿನ ಇಡಿ. ಆ ದಿನಕ್ಕೆ ಯಾವ ಊರೂ, ಯಾವ ಟಿಕೆಟ್ಟೂ ಬೇಡ. ರಸ್ತೆ ತೆರೆದಿದ್ದರೆ ಬೆಟ್ಟ ಇಳಿದು ಚಂಡೀಗಢದಲ್ಲಿ ನಿದ್ದೆ ಮಾಡಿ, ಬಟ್ಟೆ ಒಗೆಸಿಕೊಳ್ಳಿ. ಮುಚ್ಚಿದ್ದರೆ ಆ ದಿನವೇ ನಿಮ್ಮನ್ನು ಕಾಪಾಡುತ್ತದೆ. ದುಡ್ಡು ದಂಡ ಎಂದುಕೊಂಡು ಇದನ್ನು ಕತ್ತರಿಸಬೇಡಿ.

2. ಹಿಮದ ಬಗ್ಗೆ ಮಕ್ಕಳಿಗೆ ಮೊದಲೇ ಹೇಳಿ

ಡಿಸೆಂಬರ್ ಬಂತು ಎಂದರೆ ಮನಾಲಿ ಪೇಟೆಯ ತುಂಬ ಹಿಮ ಎಂಬ ನಂಬಿಕೆ ಇದೆ. ಹಾಗೇನಿಲ್ಲ. ಅಲ್ಲಿ ಹಿಮ ತರುವುದು 'ವೆಸ್ಟರ್ನ್ ಡಿಸ್ಟರ್ಬೆನ್ಸ್', ಅಂದರೆ ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿ, ಇರಾನ್, ಅಫ್ಘಾನಿಸ್ತಾನ ದಾಟಿ ಪಶ್ಚಿಮದಿಂದ ಬಂದು ಹಿಮಾಲಯಕ್ಕೆ ತಾಗುವ ಮೋಡಗಳ ಸಾಲು. ಅದು ಬಂದಾಗ ಒಂದೆರಡು ದಿನ ಸುರಿಯುತ್ತದೆ, ಹೋದ ಮೇಲೆ ಆಕಾಶ ಶುಭ್ರ. ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ವಾರಗಟ್ಟಲೆ ಒಣ ಹವೆ ಇರಬಹುದು. ಊರೊಳಗೇ ಹಿಮ ಬೀಳುವ ಸಾಧ್ಯತೆ ಜಾಸ್ತಿ ಇರುವುದು ಜನವರಿ, ಫೆಬ್ರವರಿಯಲ್ಲಿ.

ಹಾಗಂತ ಬೇಸರ ಬೇಡ. ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ. ಇನ್ನೂ ಮೇಲೆ ಹೋದರೆ ಹಿಮ ಸಿಗುವ ಸಾಧ್ಯತೆ ಹೆಚ್ಚು. ಹತ್ತಿರದ್ದು ಸೋಲಂಗ್ ಕಣಿವೆ. ಅದರಾಚೆ ಅಟಲ್ ಸುರಂಗ ದಾಟಿದರೆ ಲಾಹೌಲ್ ಕಣಿವೆಯ ಸಿಸ್ಸು ಎಂಬ ಹಳ್ಳಿ, ಸುಮಾರು 3,100 ಮೀಟರ್ ಎತ್ತರ. 2020ರ ಅಕ್ಟೋಬರ್‌ನಲ್ಲಿ ತೆರೆದ ಈ ಸುರಂಗ 9 ಕಿ.ಮೀ. ಉದ್ದ ಇದೆ. ಅದಕ್ಕೂ ಮೊದಲು ಚಳಿಗಾಲದಲ್ಲಿ ಆ ಕಣಿವೆ ಹೊರಜಗತ್ತಿನಿಂದ ತಿಂಗಳುಗಟ್ಟಲೆ ದೂರವೇ ಉಳಿಯುತ್ತಿತ್ತು. ಈಗ ಸುರಂಗದ ಆ ಬದಿಗೆ ಹೊರಬರುತ್ತಿದ್ದಂತೆ ಕಾಣುವ ಬಿಳಿ ಬೆಟ್ಟಗಳನ್ನು ನೋಡಿ ದೊಡ್ಡವರೂ ಮಾತು ನಿಲ್ಲಿಸುತ್ತಾರೆ.

ಮನಾಲಿಯ ಮೇಲಿನ ಎತ್ತರದ ಬೆಟ್ಟದ ದಾರಿ ರೋಹ್ತಾಂಗ್ ಪಾಸ್ ಡಿಸೆಂಬರ್‌ನಲ್ಲಿ ಸಾಮಾನ್ಯವಾಗಿ ಮುಚ್ಚಿರುತ್ತದೆ. "ರೋಹ್ತಾಂಗ್ ತೋರಿಸ್ತೀವಿ" ಎಂದು ಚಳಿಗಾಲದ ಪ್ಯಾಕೇಜ್‌ನಲ್ಲಿ ಬರೆದಿದ್ದರೆ, ಆ ಏಜೆಂಟರಿಗೆ ದುಡ್ಡು ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಜಾಸ್ತಿ ಕೇಳಿ.

3. ಟಿಕೆಟ್: ಹೋಗುವ ಊರು ಒಂದು, ಮರಳುವ ಊರು ಇನ್ನೊಂದು

ಬೆಂಗಳೂರು–ದೆಹಲಿ–ಬೆಂಗಳೂರು ಎಂದು ಹೋಗಿ-ಬರುವ ಟಿಕೆಟ್ ಮಾಡಬೇಡಿ. ಡಿಸೆಂಬರ್ ಕೊನೆಗೆ ದೆಹಲಿಯಲ್ಲಿ ದಟ್ಟ ಮಂಜು ಕವಿಯುತ್ತದೆ. ನಡುರಾತ್ರಿಯಿಂದ ಬೆಳಗ್ಗೆ ಒಂಬತ್ತು-ಹತ್ತರವರೆಗೆ ಅದರ ಕಾಟ ಜಾಸ್ತಿ. ವಿಮಾನ, ರೈಲು ಎರಡೂ ಗಂಟೆಗಟ್ಟಲೆ ತಡ. ಇದರ ಜೊತೆಗೆ ಹೊಗೆ. ಪುಟ್ಟ ಮಕ್ಕಳು, ಉಬ್ಬಸದವರು ಇರುವ ಕುಟುಂಬ ಆ ಊರಿನಲ್ಲಿ ಎಷ್ಟು ಕಡಿಮೆ ಹೊತ್ತು ಇದ್ದರೆ ಅಷ್ಟು ಒಳ್ಳೆಯದು.

ನನ್ನ ಸಲಹೆ: ಬೆಂಗಳೂರಿನಿಂದ ಚಂಡೀಗಢಕ್ಕೆ ಹಾರಿ, ಮರಳುವಾಗ ಜೋಧಪುರದಿಂದ ಹಾರಿ. ಇಂಥ ಟಿಕೆಟ್‌ಗೆ 'ಓಪನ್ ಜಾ' ಎನ್ನುತ್ತಾರೆ. ಇಳಿಯುವ ಊರು, ಮತ್ತೆ ಹತ್ತುವ ಊರು ಬೇರೆ ಬೇರೆ, ಅಷ್ಟೇ. ಬುಕಿಂಗ್ ಆ್ಯಪ್‌ನಲ್ಲಿ 'ಮಲ್ಟಿ ಸಿಟಿ' ಒತ್ತಿದರೆ ಸಿಗುತ್ತದೆ. ಇಲ್ಲವೇ ಎರಡು ಒಂಟಿ ಟಿಕೆಟ್ ಮಾಡಿ. ಚಂಡೀಗಢದಲ್ಲೂ ಮಂಜು ಇರುತ್ತದೆ, ಆದ್ದರಿಂದ ಮಧ್ಯಾಹ್ನ ಇಳಿಯುವ ವಿಮಾನವನ್ನೇ ನೋಡಿ.

ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೆ ಇನ್ನೊಂದು ಅನುಕೂಲ ಇದೆ. ಜೋಧಪುರದಿಂದ ಬೆಂಗಳೂರಿಗೆ ಬರುವ ರೈಲು ನಿಮ್ಮ ಊರಿನ ಮೇಲೇ ಬರುತ್ತದೆ. ದಿನಾ ಇಲ್ಲ, ಹೊತ್ತೂ ಹಿಡಿಯುತ್ತದೆ. ಆದರೆ ಸಾಮಾನು ಎಷ್ಟಿದ್ದರೂ ಚಿಂತೆಯಿಲ್ಲ.

ರೈಲಿನ ಬುಕಿಂಗ್ ತೆರೆಯುವುದು 60 ದಿನ ಮೊದಲು. ಡಿಸೆಂಬರ್ 27ರ ರೈಲಿಗೆ ಅಕ್ಟೋಬರ್ 28ರ ಬೆಳಗ್ಗೆ 8ಕ್ಕೆ ಕೂರಬೇಕು. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸುವ ಕೆಲಸ ಅದಕ್ಕೂ ಮೊದಲೇ ಮುಗಿದಿರಲಿ. ಟಿಕೆಟ್‌ನಲ್ಲಿ 'ಆರ್‌ಎಸಿ' ಎಂದು ಬಂದರೆ ರೈಲು ಹತ್ತಬಹುದು, ಆದರೆ ಪಕ್ಕದ ಒಂದು ಬರ್ತ್‌ನಲ್ಲಿ ಇಬ್ಬರು ಕೂರಬೇಕು. 'ವೇಟಿಂಗ್ ಲಿಸ್ಟ್' ಎಂದರೆ ಜಾಗವೇ ಇಲ್ಲ. ಹಿರಿಯರನ್ನು ಕರೆದುಕೊಂಡು ಹೋಗುವಾಗ ವೇಟಿಂಗ್ ಟಿಕೆಟ್ ನಂಬಿ ಹೊರಡಬೇಡಿ.

4. ದಿನಗಳ ಲೆಕ್ಕ

ಮೊದಲ ದಿನ ಚಂಡೀಗಢ ತಲುಪಿ ಅಲ್ಲೇ ಮಲಗಿ. ಎರಡನೇ ದಿನ ಹಗಲಿನಲ್ಲಿ ಮನಾಲಿ, ಸುಮಾರು 300 ಕಿ.ಮೀ. ಮೂರು, ನಾಲ್ಕನೇ ದಿನ ಮನಾಲಿ. ಐದನೇ ದಿನ ಮತ್ತೆ ಚಂಡೀಗಢ. ಆರನೆಯದು ಖಾಲಿ ದಿನ. ಏಳನೇ ದಿನ ಮಧ್ಯಾಹ್ನ ದೆಹಲಿ ಸೇರಿ, ರಾತ್ರಿ ಜೋಧಪುರದ ರೈಲು ಹತ್ತಬೇಕು. ಎಂಟನೇ ದಿನ ಜೋಧಪುರದಲ್ಲಿ ಇಳಿದು ಜೈಸಲ್ಮೇರ್. ಒಂಬತ್ತು ಕೋಟೆಗೆ, ಹತ್ತು ಮರಳುದಿಬ್ಬಕ್ಕೆ. ಹನ್ನೊಂದನೇ ದಿನ ಜೋಧಪುರದಿಂದ ಮನೆಗೆ. ಹತ್ತೇ ದಿನ ಇದ್ದರೆ ಮನಾಲಿಯ ಒಂದು ದಿನ ತೆಗೆಯಿರಿ. ಖಾಲಿ ದಿನವನ್ನಲ್ಲ.

ಡಿಸೆಂಬರ್ 31ರ ರಾತ್ರಿ ಎರಡೂ ಊರುಗಳಲ್ಲಿ ಇಲ್ಲದಂತೆ ನೋಡಿಕೊಂಡರೆ ಖರ್ಚು ತುಂಬ ಉಳಿಯುತ್ತದೆ. ಅವತ್ತು ಬಹಳಷ್ಟು ಹೋಟೆಲ್‌ಗಳು 'ಗಾಲಾ ಡಿನ್ನರ್' ಹೆಸರಿನಲ್ಲಿ ಊಟದ ದುಡ್ಡನ್ನು ಕಡ್ಡಾಯವಾಗಿ ಸೇರಿಸುತ್ತವೆ. ನೀವು ಉಣ್ಣಿ, ಬಿಡಿ.

5. ಬಟ್ಟೆ: ಎರಡು ಪೆಟ್ಟಿಗೆ ಬೇಡ

ಬೇಕಿರುವುದು ದಪ್ಪ ಕೋಟಲ್ಲ, ಪದರ. ಒಂದರ ಮೇಲೊಂದು ಹಾಕುವ, ಬೇಕಾದಾಗ ಒಂದೊಂದೇ ತೆಗೆಯುವ ಮೂರು ಪದರ. ಮನಾಲಿಯಲ್ಲಿ ಮೂರೂ ಬೇಕು. ಜೈಸಲ್ಮೇರ್‌ನ ಹಗಲಿಗೆ ಒಂದೂ ಬೇಡ, ರಾತ್ರಿಗೆ ಎರಡು ಸಾಕು. ಹೀಗೆ ಅದೇ ಬಟ್ಟೆ ಎರಡೂ ಊರಿಗಾಗುತ್ತದೆ.

ಒಳಗಿನ ಪದರ ಥರ್ಮಲ್ಸ್, ಮೈಗೆ ಅಂಟಿಕೊಂಡಿರುವ ತೆಳು ಅಂಗಿ ಮತ್ತು ಪ್ಯಾಂಟ್. ಒಬ್ಬರಿಗೆ ಎರಡು ಜೊತೆ. ಇದರ ಒಳಗೆ ಹತ್ತಿಯ ಬನಿಯನ್ ಹಾಕುವುದು ನಮ್ಮ ಕಡೆಯವರು ಸಾಮಾನ್ಯವಾಗಿ ಮಾಡುವ ತಪ್ಪು. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ನಡೆಯುವಾಗ ಬೆವರಿ, ನಿಂತಾಗ ಮೈ ನಡುಗುವುದು ಅದರಿಂದಲೇ. ನಡುವಿನ ಪದರ ಉಣ್ಣೆ ಅಥವಾ ಫ್ಲೀಸ್ ಸ್ವೆಟರ್. ಚಳಿಗಾಲದಲ್ಲಿ ನಮ್ಮ ಊರುಗಳಲ್ಲಿ ಟಿಬೆಟಿಯನ್ನರು ಹಾಕುವ ಸ್ವೆಟರ್ ಅಂಗಡಿಗಳಲ್ಲಿ ಸಿಗುವುದೇ ಚೆನ್ನಾಗಿರುತ್ತದೆ. ಹೊರಗಿನ ಪದರ ಗಾಳಿ, ನೀರು ಒಳಬಿಡದ ಜಾಕೆಟ್. ಮೂರೂ ಪದರದ ಮೇಲೆ ಕೈ ಮೇಲೆತ್ತಲು ಆಗುವಷ್ಟು ಸಡಿಲ ಇರಲಿ.

ಚಳಿ ಹೊಗುವುದು ತುದಿಗಳಿಂದ. ಕಿವಿ ಮುಚ್ಚುವ ಟೋಪಿ (ಮಂಗನ ಟೋಪಿ ಆದರೂ ಸರಿ), ಮಫ್ಲರ್, ನೀರು ಇಳಿಯದ ಗ್ಲೌಸ್, ಉಣ್ಣೆಯ ಕಾಲುಚೀಲ ಮೂರು ಜೊತೆ. ಎರಡು ಕಾಲುಚೀಲ ಒಟ್ಟಿಗೆ ಹಾಕಿ ಶೂ ಬಿಗಿಯಾದರೆ ರಕ್ತ ಸರಿಯಾಗಿ ಹರಿಯದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಗಿಣ್ಣು ಮುಚ್ಚುವ, ಅಡಿ ಜಾರದ ಶೂ ಕೊಳ್ಳಿ, ಹೊರಡುವ ಮೊದಲು ಎರಡು ವಾರ ಮನೆಯ ಸುತ್ತ ಅದರಲ್ಲೇ ಓಡಾಡಿ. ಹೊಸ ಶೂ ಬೆಟ್ಟದಲ್ಲಿ ಕಚ್ಚಿದರೆ ಮುಂದಿನ ದಿನಗಳೆಲ್ಲ ಕುಂಟುತ್ತಲೇ ಕಳೆಯಬೇಕು.

ಜೊತೆಗೆ ತುಟಿಗೆ ವ್ಯಾಸಲೀನ್, ತಂಪು ಕನ್ನಡಕ, ಸನ್‌ಸ್ಕ್ರೀನ್. ಹಿಮದಲ್ಲಿ ಸನ್‌ಸ್ಕ್ರೀನ್ ಯಾಕೆ ಅಂತ ಕೇಳುತ್ತಾರೆ. ಹೊಸ ಹಿಮ ತನ್ನ ಮೇಲೆ ಬಿದ್ದ ಅತಿನೇರಳೆ ಕಿರಣದ 80%ರವರೆಗೆ ಮುಖಕ್ಕೆ ವಾಪಸ್ ಎಸೆಯುತ್ತದೆ. ಚಳಿ ಇದ್ದರೂ ಮುಖ ಸುಡುತ್ತದೆ, ಕಣ್ಣು ಉರಿಯುತ್ತದೆ. ತಲೆಗೆ ಹಚ್ಚಲು ತೆಂಗಿನೆಣ್ಣೆ ಒಯ್ಯುವವರು ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. 24 ಡಿಗ್ರಿ ಕೆಳಗೆ ಅದು ಗಟ್ಟಿಯಾಗುತ್ತದೆ, ಬಾಟಲಿಯಿಂದ ಬರುವುದೇ ಇಲ್ಲ.

ಜಾಕೆಟ್, ಶೂ ಎರಡನ್ನೂ ವಿಮಾನದಲ್ಲಿ ಹಾಕಿಕೊಂಡೇ ಹತ್ತಿ. ಪೆಟ್ಟಿಗೆಯ ತೂಕ 15 ಕಿಲೋ ಒಳಗೆ ನಿಲ್ಲುತ್ತದೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಪೆಟ್ಟಿಗೆಯಲ್ಲಿ ಬಿಡುವುದಿಲ್ಲ. ಚಳಿಯಲ್ಲಿ ಫೋನ್ ಬ್ಯಾಟರಿ ಬೇಗ ಇಳಿಯುವುದರಿಂದ ಅದು ಬೇಕೇ ಬೇಕು. ಫೋನನ್ನು ಜಾಕೆಟ್‌ನ ಒಳಜೇಬಿನಲ್ಲಿ, ಮೈ ಹತ್ತಿರ ಇಟ್ಟುಕೊಳ್ಳಿ.

6. ಮನಾಲಿಯಲ್ಲಿ

ಚಂಡೀಗಢದಿಂದ ಹಗಲಿನಲ್ಲೇ ಹೊರಡಿ. ರಾತ್ರಿ ಬಸ್ಸಿನಲ್ಲಿ ಒಂದು ದಿನ ಉಳಿಯುತ್ತದೆ ನಿಜ. ಆದರೆ ಮಂಡಿ ಎಂಬ ಊರಿನಿಂದಾಚೆ ಬಿಯಾಸ್ ನದಿಯ ಪಕ್ಕದ ತಿರುವುಗಳನ್ನು ಕತ್ತಲಲ್ಲಿ ಕಳೆದುಕೊಳ್ಳುತ್ತೀರಿ, ನಿದ್ದೆಯೂ ಸರಿಯಾಗುವುದಿಲ್ಲ. ವಾಂತಿ ಬರುವ ಮಕ್ಕಳಿದ್ದರೆ ಮಾತ್ರೆಯ ಬಗ್ಗೆ ನಿಮ್ಮ ವೈದ್ಯರನ್ನು ಮೊದಲೇ ಕೇಳಿ, ಹೊಟ್ಟೆ ತುಂಬ ತಿನ್ನಿಸಬೇಡಿ.

ಡಿಸೆಂಬರ್ ಕೊನೆಗೆ ಹಗಲು 10–12 ಡಿಗ್ರಿ, ರಾತ್ರಿ ಸೊನ್ನೆಯ ಆಸುಪಾಸು ಇಲ್ಲವೇ ಅದಕ್ಕೂ ಕೆಳಗೆ. ಹೋಟೆಲ್ ಕಾದಿರಿಸುವಾಗ ಎರಡು ಪ್ರಶ್ನೆ ಕೇಳಿ. ರೂಮ್ ಹೀಟರ್ ಬಾಡಿಗೆಯಲ್ಲೇ ಸೇರಿದೆಯಾ, ಅಥವಾ ರಾತ್ರಿಗೆ ಇಷ್ಟು ಅಂತ ಬೇರೆಯಾ? ರದ್ದು ಮಾಡಿದರೆ ದುಡ್ಡು ವಾಪಸ್ ಬರುತ್ತದಾ? ತುಂಬ ಚಳಿ ಇರುವ ಬೆಳಗ್ಗೆ ಪೈಪಿನೊಳಗೆ ನೀರು ಹೆಪ್ಪುಗಟ್ಟುವುದುಂಟು. ಮಲಗುವ ಮೊದಲು ಒಂದು ಬಕೆಟ್ ತುಂಬಿಸಿಡಿ.

ಇದನ್ನು ಮಾತ್ರ ತುಂಬ ಗಮನವಿಟ್ಟು ಓದಿ. ಇದ್ದಿಲು ಉರಿಯುವ ಅಗ್ಗಿಷ್ಟಿಕೆಯನ್ನು (ಅಲ್ಲಿ 'ಅಂಗೀಠಿ' ಎನ್ನುತ್ತಾರೆ) ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಂಡು ಎಂದೂ ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲವೂ ಇಂಥ ಸಾವಿನ ಸುದ್ದಿ ಬರುತ್ತದೆ. ಹೋಟೆಲಿನವರು ಪ್ರೀತಿಯಿಂದಲೇ ತಂದಿಟ್ಟರೂ ಹೊರಗಿಡಲು ಹೇಳಿ. ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಕಿಟಕಿ ತೆರೆದಿರಬೇಕು.

ಮೊದಲ ದಿನ ಎಲ್ಲಿಗೂ ಓಡಬೇಡಿ. ಢುಂಗ್ರಿಯ ದೇವದಾರು ಕಾಡಿನ ನಡುವೆ ಹಿಡಿಂಬಾ ದೇವಿಯ ಗುಡಿ ಇದೆ. 1553ರಲ್ಲಿ ಕಟ್ಟಿದ್ದು, ಮರದ ಮೂರು ಅಂತಸ್ತಿನ ಮಾಡು. ನಮ್ಮಲ್ಲಿ ಭೀಮ, ಹಿಡಿಂಬೆ, ಘಟೋತ್ಕಚನ ಕಥೆ ಗೊತ್ತಿಲ್ಲದ ಮಕ್ಕಳಿಲ್ಲ ಅಲ್ವಾ? ಅಲ್ಲಿ ಆಕೆ ಊರಿನ ದೇವರು. ಈ ಗುಡಿ, ಹಳೇ ಮನಾಲಿಯ ಮರದ ಮನೆಗಳು, ಅಂಗಡಿಯಲ್ಲಿ ತುಪ್ಪ ಸುರಿದ ಬಿಸಿ ಸಿಡ್ಡು (ಹುಳಿ ಬರಿಸಿದ ಗೋಧಿ ಹಿಟ್ಟಿನೊಳಗೆ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ್ದು) ಇಷ್ಟೇ ಸಾಕು. ಮೈ ಎತ್ತರಕ್ಕೂ ಚಳಿಗೂ ಹೊಂದಿಕೊಳ್ಳಲಿ.

ಎರಡನೇ ದಿನ ಸೋಲಂಗ್, ಸಿಸ್ಸು. ಬೆಳಗ್ಗೆ ಎಂಟಕ್ಕೆ ಮೊದಲೇ ಹೊರಟುಬಿಡಿ. ಹೊತ್ತು ಏರಿದಂತೆ ಸುರಂಗದವರೆಗೂ ವಾಹನಗಳ ಸಾಲು. ಮಧ್ಯಾಹ್ನದ ಮೇಲೆ ಹಿಮ ಶುರುವಾದರೆ ಅಲ್ಲಿ ಇರುವವರೆಲ್ಲ ಒಟ್ಟಿಗೆ ಇಳಿಯಲು ನೋಡುತ್ತಾರೆ. 2024ರ ಕ್ರಿಸ್‌ಮಸ್ ಹೊತ್ತಿಗೆ ಹೀಗೇ ಸೋಲಂಗ್–ಸುರಂಗದ ನಡುವೆ ನೂರಾರು ವಾಹನ ಗಂಟೆಗಟ್ಟಲೆ ಸಿಕ್ಕಿಕೊಂಡಿದ್ದವು, ಪೊಲೀಸರು ಜನರನ್ನು ಇಳಿಸಿ ತರಬೇಕಾಯಿತು. ಮೂರು ಗಂಟೆಯೊಳಗೆ ಸುರಂಗದ ಈ ಬದಿಗೆ ಬಂದುಬಿಡಿ. ಕಾರಿನಲ್ಲಿ ನೀರು, ಬಿಸ್ಕೆಟ್, ಕಂಬಳಿ ಇರಲಿ.

ಹಿಮ ಬಿದ್ದ ದಿನ ಪೊಲೀಸರು 'ಫೋರ್ ಬೈ ಫೋರ್' ವಾಹನ ಮಾತ್ರ ಬಿಡುತ್ತಾರೆ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ಜೀಪು ಎಂದರ್ಥ. ಆದ್ದರಿಂದ ಬೆಂಗಳೂರಿನಿಂದಲೇ ಎಲ್ಲ ದಿನಕ್ಕೂ ಒಂದೇ ಕಾರು ಗೊತ್ತು ಮಾಡುವ ಬದಲು, ಅವತ್ತಿನ ಮಟ್ಟಿಗೆ ಅಲ್ಲಿನ ಯೂನಿಯನ್ ಟ್ಯಾಕ್ಸಿ ಹಿಡಿಯಿರಿ. ಆ ರಸ್ತೆ ಅವರಿಗೆ ಗೊತ್ತು.

ದಾರಿಯುದ್ದಕ್ಕೂ ಹಿಮದ ಕೋಟು-ಬೂಟು ಬಾಡಿಗೆಗೆ ಸಿಗುತ್ತವೆ. ಹೊರಪದರಕ್ಕೆ ಅದು ಸಾಕು, ಸುಮ್ನೆ ಕೊಳ್ಳಬೇಡಿ. ಆದರೆ ಗ್ಲೌಸ್, ಕಾಲುಚೀಲ ನಿಮ್ಮದೇ ಇರಲಿ. ಹಾಕಿಕೊಳ್ಳುವ ಮೊದಲು ಹರಿದಿದೆಯಾ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ವಾಪಸ್ ಕೊಡುವಾಗ ಜಗಳ ಬರುವುದಿಲ್ಲ.

ಬೆಳಗಿನ ಹೊತ್ತು ರಸ್ತೆ ಬರೀ ಒದ್ದೆಯಾದಂತೆ ಕಂಡರೂ ಅದರ ಮೇಲೆ ಕನ್ನಡಿಯಂಥ ತೆಳು ಮಂಜುಗಡ್ಡೆ ಇರಬಹುದು. 'ಬ್ಲ್ಯಾಕ್ ಐಸ್' ಎನ್ನುವುದು ಇದಕ್ಕೇ. ಚಿಕ್ಕ ಹೆಜ್ಜೆ, ಪೂರ್ತಿ ಪಾದ ಊರಿ ನಡೆಯಿರಿ. ಕೈ ಜೇಬಿನಿಂದ ಹೊರಗಿರಲಿ. ಸಿಸ್ಸುವಿನಲ್ಲಿ ಯಾರಿಗಾದರೂ ತಲೆನೋವು, ವಾಕರಿಕೆ, ಏದುಸಿರು ಕಂಡರೆ ಫೋಟೋ ಮುಗಿಸಿ ಹೋಗೋಣ ಎನ್ನಬೇಡಿ, ಕೂಡಲೇ ಕೆಳಗಿಳಿಯಿರಿ. ಹೃದಯದ ತೊಂದರೆ, ಉಬ್ಬಸ ಇರುವವರು ಊರು ಬಿಡುವ ಮೊದಲೇ ವೈದ್ಯರನ್ನು ಕಾಣಬೇಕು.

7. ನಡುವಿನ ದಾರಿ

ಚಂಡೀಗಢದಿಂದ ದೆಹಲಿಗೆ ಶತಾಬ್ದಿಯಲ್ಲಿ ಸುಮಾರು ಮೂರೂವರೆ ಗಂಟೆ. ಅಲ್ಲಿಂದ ಜೋಧಪುರಕ್ಕೆ ರಾತ್ರಿ ಹತ್ತಿ ಬೆಳಗ್ಗೆ ಇಳಿಯುವ ಮಂಡೋರ್ ಎಕ್ಸ್‌ಪ್ರೆಸ್. ಇಲ್ಲಿ ಹೊಸಬರು ಎಡವುತ್ತಾರೆ. ಶತಾಬ್ದಿ ಬಂದು ನಿಲ್ಲುವುದು ಹೊಸ ದೆಹಲಿ ನಿಲ್ದಾಣದಲ್ಲಿ, ಮಂಡೋರ್ ಹೊರಡುವುದು ಹಳೇ ದೆಹಲಿಯಿಂದ. ಎರಡೂ ಬೇರೆ ಬೇರೆ. ಮೆಟ್ರೋದಲ್ಲಿ ಹಳದಿ ಮಾರ್ಗ ಹಿಡಿದು ಎರಡನೇ ಸ್ಟಾಪ್ ಚಾಂದನಿ ಚೌಕ್‌ನಲ್ಲಿ ಇಳಿದರೆ ಹಳೇ ನಿಲ್ದಾಣ ಪಕ್ಕದಲ್ಲೇ. ಮಂಜಿಗೆ ಶತಾಬ್ದಿಯೂ ತಡವಾಗುತ್ತದೆ, ಎರಡು ರೈಲಿನ ನಡುವೆ ಕನಿಷ್ಠ ಐದಾರು ಗಂಟೆ ಬಿಡಿ.

8. ಜೈಸಲ್ಮೇರ್‌ನಲ್ಲಿ

ಜೋಧಪುರದಿಂದ ರಸ್ತೆಯಲ್ಲಿ ಸುಮಾರು ಐದು ಗಂಟೆ. ಹಗಲು 24–25 ಡಿಗ್ರಿ, ನಮ್ಮ ಬೆಂಗಳೂರಿನ ಡಿಸೆಂಬರ್ ಬಿಸಿಲಿನಂತೆಯೇ ಹಿತ. ಹಿರಿಯರಿಗೆ ಮೈ ಬಿಡಿಸಿಕೊಂಡು ಕೂರುವ ಆಸೆ ಇಲ್ಲಿ ಈಡೇರುತ್ತದೆ. ಆದರೆ ಮರಳುಗಾಡು ಅಂದರೆ ರಾತ್ರಿಯೂ ಬೆಚ್ಚಗೆ ಎಂದುಕೊಂಡು ಉಣ್ಣೆ ಬಟ್ಟೆಯನ್ನೆಲ್ಲ ಚಂಡೀಗಢದಿಂದ ಕೊರಿಯರ್ ಮಾಡಿಬಿಡಬೇಡಿ. ಮೋಡವಿಲ್ಲದ ಆಕಾಶ, ಒಣ ಗಾಳಿ. ಹಗಲಿನ ಕಾವನ್ನು ಹಿಡಿದಿಡಲು ಏನೂ ಇಲ್ಲ. ಸೂರ್ಯ ಮುಳುಗುತ್ತಿದ್ದಂತೆ ಮರಳು ತಣ್ಣಗಾಗಿ ರಾತ್ರಿ 8–9 ಡಿಗ್ರಿಗೆ ಇಳಿಯುತ್ತದೆ. ಗುಡಾರದಲ್ಲಿ ಮಲಗುವವರಿಗೆ ಅದು ಇನ್ನೂ ಕಡಿಮೆ ಎನಿಸುತ್ತದೆ.

ಜೈಸಲ್ಮೇರ್‌ನ ಹಳದಿ ಕಲ್ಲಿನ ಕೋಟೆಯನ್ನು 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದರು. ಇಂದಿಗೂ ಒಳಗೆ ಸಾವಿರಾರು ಜನ ಬಾಳುತ್ತಿದ್ದಾರೆ. ಕೋಟೆಯ ಒಳಗೇ ಹೋಟೆಲ್‌ಗಳೂ ಇವೆ, ಚಿತ್ರ ನೋಡಿದರೆ ಆಸೆಯಾಗುತ್ತದೆ. ನನ್ನ ಬಲವಾದ ಮಾತು: ಅಲ್ಲಿ ಉಳಿಯಬೇಡಿ. ನೀರು ಅಪರೂಪವಾಗಿದ್ದ ಕಾಲಕ್ಕೆ ಕಟ್ಟಿದ ಕೋಟೆ ಅದು. ಇಂದಿನ ಬಚ್ಚಲುಮನೆಗಳ ನೀರು ಬುಡಕ್ಕೆ ಇಳಿದು ಅಡಿಪಾಯವನ್ನೇ ಸಡಿಲ ಮಾಡುತ್ತಿದೆ. ಹೊರಗೆ ಉಳಿದರೆ ಇನ್ನೊಂದು ಲಾಭ, ಮಹಡಿಯಿಂದ ಸಂಜೆ ಬಿಸಿಲಿನಲ್ಲಿ ಇಡೀ ಕೋಟೆ ಹೊಳೆಯುವುದು ಕಾಣುತ್ತದೆ. ಕೋಟೆಗೆ ಹತ್ತುವ ಕಲ್ಲುಹಾಸು ಸವೆದು ನುಣುಪಾಗಿದೆ. ಮಂಡಿ ನೋವಿನವರು ನಿಧಾನ ಹತ್ತಲಿ.

ಮರಳುದಿಬ್ಬ ಇರುವುದು 40 ಕಿ.ಮೀ. ದೂರದ ಸಮ್‌ನಲ್ಲಿ. ಕ್ಯಾಂಪ್ ಕಾದಿರಿಸುವಾಗ ಗುಡಾರಕ್ಕೆ ಒಬ್ಬರಿಗೆ ಎಷ್ಟು ರಜಾಯಿ ಕೊಡುತ್ತಾರೆ ಕೇಳಿ. ಒಂಟೆ, ಜೀಪು ಸವಾರಿಯ ದರವನ್ನು ಹತ್ತುವ ಮೊದಲೇ ಮಾತಾಡಿ. ಜೀಪು ದಿಬ್ಬದ ಮೇಲೆ ಜೋರಾಗಿ ಹಾರುತ್ತದೆ. ಬೆನ್ನುನೋವಿನವರು, ಬಸುರಿಯರು, ಪುಟ್ಟ ಮಕ್ಕಳು ಅದಕ್ಕೆ ಹತ್ತುವುದೇ ಬೇಡ.

ಸಂಜೆ ಹಾಡು ಇರುತ್ತದೆ. ಮಾಂಗಣಿಯಾರ್ ಎಂಬ ಸಮುದಾಯದವರು ತಲೆಮಾರುಗಳಿಂದ ಹಾಡಿಕೊಂಡು ಬಂದವರು. ಕಮಾಯಿಚಾ ಎಂಬ ಕಮಾನಿನ ವಾದ್ಯ, ಕೈಯಲ್ಲಿ ಖಡತಾಲ್ ಎಂಬ ಮರದ ತಾಳ. ಈಚೆಗೆ ಬಹಳಷ್ಟು ಕ್ಯಾಂಪ್‌ಗಳಲ್ಲಿ ಸ್ವಲ್ಪ ಹೊತ್ತು ಹಾಡಿಸಿ ಆಮೇಲೆ ಡಿಜೆ ಹಾಕುತ್ತಾರೆ. ಕಾದಿರಿಸುವ ಮೊದಲೇ ಡಿಜೆ ಇಲ್ಲದ ಕ್ಯಾಂಪ್ ಕೇಳಿ. ಆ ಕಲಾವಿದರ ಹತ್ತಿರ ಕೂತು ಇನ್ನೊಂದು ಹಾಡು ಕೇಳಿ, ದುಡ್ಡನ್ನು ಅವರ ಕೈಗೇ ಕೊಡಿ.

ಬೆಳಗ್ಗೆ ಸೂರ್ಯ ಹುಟ್ಟುವ ಮೊದಲು ದಿಬ್ಬ ಹತ್ತುವಾಗ ಥರ್ಮಲ್ಸ್ ಮೇಲೆ ಜಾಕೆಟ್ ಬೇಕಾಗುತ್ತದೆ, ಒಂಬತ್ತಕ್ಕೆಲ್ಲ ಎರಡನ್ನೂ ತೆಗೆಯಬೇಕು. ಒಂದು ಖಾಲಿ ಬಟ್ಟೆಚೀಲ ಜೊತೆಗಿರಲಿ. ಜೋಧಪುರದ ವಿಮಾನ ಮಧ್ಯಾಹ್ನದ ಮೇಲಿದ್ದರೆ ಸೂರ್ಯೋದಯಕ್ಕೆ ಕಾಯದೆ ಸಮ್‌ನಿಂದ ಬೆಳಗ್ಗೆ ಏಳಕ್ಕೆ ಹೊರಡಬೇಕು, ಆರು ಗಂಟೆ ದಾರಿ ಎಂದು ಲೆಕ್ಕ ಹಿಡಿಯಿರಿ. ತಿಂಡಿಯನ್ನು ಕಟ್ಟಿಕೊಡಲು ಕ್ಯಾಂಪಿನವರಿಗೆ ಹಿಂದಿನ ರಾತ್ರಿಯೇ ಹೇಳಿಡಿ.